ಯುಪಿಎಸ್ ಇದೆ ಸಾರ್

ಆ ಬೇಸಿಗೆಯಲ್ಲಿ ಕಂಪ್ಯೂಟರಿಗೆ ಹಾಕುವ ರ‍್ಯಾಮ್‌ನ ಬೆಲೆ ಬೆಳಿಗ್ಗೆ ಕೇಳಿದರೆ ಒಂದು, ಸಂಜೆ ಕೇಳಿದರೆ ಇನ್ನೊಂದು. ಗಿರಾಕಿಗೆ ಹೇಳಿದ ಬೆಲೆಯನ್ನು ವಾರವಿರಲಿ, ಮಾರನೆಯ ದಿನದವರೆಗೂ ಉಳಿಸಿಕೊಳ್ಳಲು ಆಗುತ್ತಿರಲಿಲ್ಲ. “ಮೊನ್ನೆ ಇಷ್ಟು ಅಂದ್ರಲ್ಲ” ಎಂದು ಅವರು ಮುಖ ನೋಡುವುದು, “ಏನ್ ಮಾಡ್ಲಿ ಸಾರ್, ಮೇಲಿಂದಾನೇ ಹಂಗ್ ಬರ್ತಾ ಇದೆ” ಎಂದು ನಾನು ಅನ್ನುವುದು, ಅವರು ನಂಬದೆ ಎದ್ದು ಹೋಗುವುದು. ಗೋವಿಂದರಾಜನಗರದ ನನ್ನ ಅಂಗಡಿಯಲ್ಲಿ ಆಗ ನಡೆಯುತ್ತಿದ್ದ ವ್ಯಾಪಾರ ಹೆಚ್ಚುಕಡಿಮೆ ಇಷ್ಟೇ. ಕಂಪ್ಯೂಟರ್ ಜೋಡಿಸುವುದಕ್ಕಿಂತ ಸಮಜಾಯಿಷಿ ಕೊಡುವುದೇ ದೊಡ್ಡ ಕೆಲಸವಾಗಿ ನನಗೆ ಸಾಕುಸಾಕಾಗಿತ್ತು.

ಅಂಥದ್ದರಲ್ಲಿ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಬಂದರು. ನಲವತ್ತರ ಆಸುಪಾಸು, ಹೆಗಲಲ್ಲಿ ಆಫೀಸಿನ ಬ್ಯಾಗು, ಕೈಯಲ್ಲಿ ಮೆಡಿಕಲ್ ಸ್ಟೋರಿನ ಕವರು. ಕವರಿನಲ್ಲಿದ್ದದ್ದು ದೊಡ್ಡವರಿಗೆ ಹಾಕುವ ಡೈಪರ್. ಕುರ್ಚಿ ತೋರಿಸಿದರೂ ಕೂರಲಿಲ್ಲ. ಮೊಬೈಲಿನಲ್ಲಿ ಒಂದು ಮೆಸೇಜು ತೆರೆದು ನನ್ನ ಮುಂದೆ ಹಿಡಿದರು.

“ಇಷ್ಟೆಲ್ಲ ಇರಬೇಕಂತೆ ಸಾರ್. ಮನೇಲೇ ಕೂತು ಕೆಲಸ ಮಾಡೋಕೆ.”

ಅವರದು ಇನ್ಶೂರೆನ್ಸ್‌ಗೆ ಬರುವ ಆಸ್ಪತ್ರೆ ಬಿಲ್ಲುಗಳನ್ನು ನೋಡಿ, ಸರಿತಪ್ಪು ಗುರುತಿಸಿ, ಕೋಡ್ ಹಾಕುವ ಕೆಲಸ. ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆದಮೇಲೂ ಎದ್ದು ಓಡಾಡುವ ಹಾಗಾಗಿರಲಿಲ್ಲ. ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ. ನೋಡಿಕೊಳ್ಳಲು ಇಟ್ಟುಕೊಂಡಿದ್ದ ಹೆಂಗಸು ಹೇಳದೆ ಕೇಳದೆ ಬಿಟ್ಟುಹೋಗಿದ್ದಳು. ಇವರ ರಜೆಗಳೆಲ್ಲ ಮುಗಿದಿದ್ದವು. ಹೇಗೋ ಕೈಕಾಲು ಹಿಡಿದು ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಪಡೆದಿದ್ದರು, ಅದೂ ಒಂದು ತಿಂಗಳ ಪರೀಕ್ಷೆಗೆ. ಸ್ವಂತ ಕಂಪ್ಯೂಟರ್ ಇರಬೇಕು, ಅದು ಕೆಲಸದ ಮಧ್ಯೆ ಕೈಕೊಡಬಾರದು. ಹಾಗೆ ಮೂರು ಸಲ ಆದರೆ ಮತ್ತೆ ಆಫೀಸಿಗೇ ಬರಬೇಕು.

“ಆಫೀಸಿಗೆ ಹೋಗೋ ಹಾಗಿದ್ರೆ ಕೆಲಸ ಬಿಡ್ಬೇಕು ಸಾರ್. ಅತ್ತೇನ ಒಳಗಿಟ್ಟು ಬೀಗ ಹಾಕ್ಕೊಂಡ್ ಹೋಗೋಕಾಗಲ್ಲ. ಕೆಲಸ ಬಿಟ್ರೆ ಬಾಡಿಗೆ ಕಟ್ಟೋಕಾಗಲ್ಲ.”

ಅವರ ಹತ್ತಿರ ಇದ್ದದ್ದು ನಲವತ್ತು ಸಾವಿರ. ಅದರ ಮೇಲೆ ಏನೂ ಕೇಳಬೇಡಿ ಎಂದು ಮೊದಲೇ ಹೇಳಿಬಿಟ್ಟರು. ಆ ನೇರ ಮಾತು ನನಗೆ ಇಷ್ಟವಾಯಿತು. ಬೆಲೆ ಕೇಳಿ ಹೋಗಿ, ನಾಲ್ಕು ವಿಡಿಯೊ ನೋಡಿ, ವಾಪಸು ಬಂದು ನನಗೇ ಪಾಠ ಹೇಳುವವರ ನಡುವೆ ಇಂಥವರು ಅಪರೂಪ.

ಬೇರೆಯವರಿಗಾಗಿ ಕಡಿಮೆ ದುಡ್ಡಿನಲ್ಲಿ ಕಂಪ್ಯೂಟರ್ ಜೋಡಿಸುವಾಗ ಯಾವುದರಲ್ಲಿ ಕೈ ಬಿಗಿ ಹಿಡಿಯಬೇಕು, ಯಾವುದರಲ್ಲಿ ಹಿಡಿಯಬಾರದು ಎನ್ನುವುದೇ ಪ್ರಶ್ನೆ. ನೋಟಕ್ಕೆ ಖರ್ಚು ಮಾಡುವುದು ಬೇಡ ಎಂದು ಮಾಮೂಲಿ ತಗಡಿನ ಕ್ಯಾಬಿನೆಟ್. ಪ್ರೊಸೆಸರ್ ಎರಡು ತಲೆಮಾರು ಹಿಂದಿನದು, ನಾಲ್ಕು ಕೋರ್, ಗ್ರಾಫಿಕ್ಸ್ ಅದರೊಳಗೇ ಇರುವಂಥದ್ದು. ಬಿಲ್ಲು ನೋಡುವ ಕೆಲಸಕ್ಕೆ ಅದು ಧಾರಾಳವಾಯಿತು. ಮದರ್‌ಬೋರ್ಡು ಆ ಪ್ರೊಸೆಸರಿಗೆ ಹೊಂದುವ ಅಗ್ಗದ್ದು, ಆದರೆ ಹೊಸದು. ಸೆಕೆಂಡ್ ಹ್ಯಾಂಡ್ ಬೋರ್ಡ್ ಹಾಕಿದರೆ ಸಾಕಷ್ಟು ಉಳಿಯುತ್ತದೆ, ಆದರೆ ಅದು ಯಾವತ್ತು ಮುಖ ತಿರುಗಿಸುತ್ತದೋ ಹೇಳಲಾಗದು. ಮಾನಿಟರ್ ಮಾತ್ರ ಹಳೆಯದು, ಮುಚ್ಚಿಹೋದ ಆಫೀಸೊಂದರಿಂದ ಬಂದದ್ದು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ. ಎಲ್ಲಕ್ಕೂ ಕರೆಂಟ್ ಹಂಚುವ ಎಸ್‌ಎಂಪಿಎಸ್ ಚೆನ್ನಾಗಿರುವುದೇ ಆಗಬೇಕೆಂದು ನಾನೇ ಹಟ ಹಿಡಿದೆ. ಮನೆ ಕಟ್ಟುವಾಗ ಪಾಯಕ್ಕೆ ಸಿಮೆಂಟು ಕಡಿಮೆ ಹಾಕಬಾರದಲ್ಲ, ಹಾಗೆ.

ರ‍್ಯಾಮ್‌ಗೆ ಬಂದಾಗ ಕೈ ಕಟ್ಟಿಹಾಕಿದ ಹಾಗಾಯಿತು. ಅವರ ಕಂಪನಿ ಎಂಟು ಜಿಬಿ ಸಾಕು ಎಂದಿತ್ತು. ನನಗೆ ಹದಿನಾರಾದರೂ ಹಾಕಬೇಕೆಂದು ಆಸೆ. ಈ ಕಾಲದಲ್ಲಿ ಎಂಟು ಹಾಕಿ ಕಳಿಸಿದರೆ ಆರು ತಿಂಗಳಿಗೆ “ಯಾಕೋ ಸ್ಲೋ” ಎಂದು ಫೋನು ಬರುತ್ತದೆ. ಆದರೆ ಲೆಕ್ಕ ಹೊಂದುತ್ತಿರಲಿಲ್ಲ. ಕೊನೆಯಲ್ಲಿ ಉಳಿದದ್ದು ಯುಪಿಎಸ್.

“ಯುಪಿಎಸ್ ಇದೆಯಾ ಮೇಡಂ, ಇಲ್ಲ ಅದೂ ಸೇರಿಸಬೇಕಾ?”

“ಯುಪಿಎಸ್ ಇದೆ ಸಾರ್.”

“ಬ್ಯಾಟರಿ ಚೆನ್ನಾಗಿದೆಯಾ?”

“ಹೋದ ವರ್ಷ ಹೊಸದು ಹಾಕ್ಸಿದ್ದಾರೆ.”

ನನ್ನ ಮುಖ ಅರಳಿತು. ಪಟ್ಟಿಯಿಂದ ಯುಪಿಎಸ್ ಹೊಡೆದುಹಾಕಿದೆ. ಅದಕ್ಕೆಂದು ಇಟ್ಟಿದ್ದ ದುಡ್ಡಿಗೆ ಇನ್ನೂ ಸ್ವಲ್ಪ ಚೌಕಾಸಿ ಸೇರಿಸಿ ಎಂಟರ ಜೊತೆಗೆ ಇನ್ನೊಂದು ಎಂಟು ಜಿಬಿ ಹಾಕಿದೆ. ಅವತ್ತು ಸಂಜೆ ಅಂಗಡಿ ಬಾಗಿಲು ಎಳೆಯುವಾಗ ಬಹಳ ದಿನಗಳ ಮೇಲೆ ಒಂದು ಕೆಲಸ ಸರಿಯಾಗಿ ಮಾಡಿದೆ ಅನ್ನಿಸಿತ್ತು.

ಜೋಡಿಸಿ, ಸಾಫ್ಟ್‌ವೇರ್ ಹಾಕಿ, ಒಂದು ದಿನವಿಡೀ ಓಡಿಸಿ ನೋಡಿದ ಮೇಲೆ ಅವರ ಗಂಡ ಆಟೊ ತಂದು ತೆಗೆದುಕೊಂಡು ಹೋದರು. ನಾನು ಬಂದು ಹಾಕಿಕೊಡುತ್ತೇನೆ ಎಂದರೆ ಕೇಳಲಿಲ್ಲ. “ಕಾರ್ಖಾನೇಲಿ ಅದೇ ಕೆಲಸ ಸಾರ್ ನಂದು. ಯಾವ ವೈರ್ ಎಲ್ಲಿಗೆ ಅಂತ ನೋಡಿ ಚುಚ್ಚೋದು ತಾನೆ?” ಎಂದರು. ನನಗೂ ಮೂರನೇ ಮಹಡಿ ನಾಲ್ಕನೇ ಮಹಡಿ ಹತ್ತಿ ಮಂಡಿ ಸವೆದಿತ್ತು. ಒಳ್ಳೆಯದೇ ಆಯಿತು ಎಂದುಕೊಂಡೆ.

ಕೆಲವು ದಿನ ಸುದ್ದಿಯಿಲ್ಲ. ಆಮೇಲೆ ಫೋನು ಬಂತು. ಮಧ್ಯಾಹ್ನ ಕೆಲಸದ ನಡುವೆ ಕಂಪ್ಯೂಟರ್ ತನ್ನಷ್ಟಕ್ಕೆ ಆರಿ ಮತ್ತೆ ಹೊತ್ತಿಕೊಂಡಿತಂತೆ. ಅರ್ಧ ನೋಡಿದ್ದ ಬಿಲ್ಲು ಹೋಯಿತು. ಕಂಪನಿಯ ಸಾಫ್ಟ್‌ವೇರಿನಿಂದ ಮೇಲಿನವರಿಗೆ ತಾನಾಗಿಯೇ ಒಂದು ಮೇಲ್ ಹೋಯಿತು.

“ಕರೆಂಟ್ ಹೋಯ್ತೇನೋ ಮೇಡಂ?”

“ಇಲ್ಲ ಸಾರ್, ಫ್ಯಾನ್ ತಿರುಗ್ತಾನೇ ಇತ್ತು.”

“ಪ್ಲಗ್ ಯುಪಿಎಸ್‌ಗೇ ತಾನೆ ಹಾಕಿರೋದು?”

“ಯುಪಿಎಸ್‌ಗೇ ಸಾರ್.”

ಹಾಗಾದರೆ ತಪ್ಪು ಪೆಟ್ಟಿಗೆಯೊಳಗೇ ಇದೆ. ಮೊದಲ ಅನುಮಾನ ರ‍್ಯಾಮ್ ಮೇಲೆ. ಎಂಟು ಜಿಬಿಯ ಆ ಎರಡು ಕಡ್ಡಿ ಬೇರೆಬೇರೆ ದಿನ ತಂದದ್ದು. ಇಂಥವು ಕೆಲವೊಮ್ಮೆ ಒಂದಕ್ಕೊಂದು ಹೊಂದುವುದಿಲ್ಲ. ಪೆಟ್ಟಿಗೆ ತರಿಸಿಕೊಂಡೆ. ಕಡ್ಡಿಗಳನ್ನು ಬಿಚ್ಚಿ, ಬೋರ್ಡಿಗೆ ತಾಗುವ ತುದಿ ಒರೆಸಿ, ಒಂದೊಂದನ್ನೇ ಹಾಕಿ ಮೆಮೊರಿ ಟೆಸ್ಟ್ ಓಡಿಸಿದೆ. ಒಂದೂ ತಪ್ಪು ತೋರಿಸಲಿಲ್ಲ. ಎರಡನ್ನೂ ಸೇರಿಸಿ ಹಾಕಿ ಕೆಲವು ದಿನ ಅಂಗಡಿಯಲ್ಲೇ ಓಡಲು ಬಿಟ್ಟೆ. ಕಲ್ಲಿನ ಹಾಗೆ ನಿಂತಿತು. ಅಷ್ಟು ದಿನ ಅವರು ಪಕ್ಕದ ಮನೆಯವರ ಕೈಕಾಲು ಹಿಡಿದು ಅತ್ತೆಯನ್ನು ಬಿಟ್ಟು ಆಫೀಸಿಗೆ ಹೋಗಿ ಬಂದರು.

ಮನೆಗೆ ಹೋದ ಮೇಲೆ ಮತ್ತೆ ಆರಿತು. ಎರಡನೇ ಮೇಲ್ ಹೋಯಿತು.

ಈ ಸಲ ಎಸ್‌ಎಂಪಿಎಸ್ ಮೇಲೆ ಕಣ್ಣು. ಕಂಪ್ಯೂಟರ್ ಒಳಗೆ ತಾನೇ ಬರೆದಿಟ್ಟುಕೊಳ್ಳುವ ದಾಖಲೆಯಲ್ಲಿ ‘ಮುನ್ಸೂಚನೆಯಿಲ್ಲದೆ ಶಕ್ತಿ ನಿಂತಿತು’ ಎಂಬರ್ಥದ ಸಾಲಿತ್ತು. ಶಕ್ತಿ ಹಂಚುವವನು ಎಸ್‌ಎಂಪಿಎಸ್, ಆದ್ದರಿಂದ ಕಳ್ಳ ಅವನೇ. ಯಾವುದನ್ನು ಹಟ ಹಿಡಿದು ಒಳ್ಳೆಯದು ಹಾಕಿದ್ದೆನೋ ಅದನ್ನೇ ಕಿತ್ತು, ನನ್ನ ಕೈಯಿಂದ ದುಡ್ಡು ಹಾಕಿ ಅದಕ್ಕಿಂತ ಮೇಲಿನದು ಕೂರಿಸಿದೆ. ಅಂಗಡಿಯಲ್ಲಿ ಮತ್ತೆ ಓಡಿಸಿದೆ. ಮತ್ತೆ ಕಲ್ಲಿನ ಹಾಗೆ ನಿಂತಿತು. ಎಸ್‌ಎಸ್‌ಡಿ, ಬೋರ್ಡಿನ ಕೆಪ್ಯಾಸಿಟರ್‌ಗಳು, ಆನ್ ಬಟನ್ನಿನ ಸಣ್ಣ ವೈರು, ಪ್ರೊಸೆಸರ್ ಬಿಸಿ, ಯಾವುದನ್ನೂ ಬಿಡದೆ ನೋಡಿದೆ. ಅಂಗಡಿಗೆ ಬಂದ ಬೇರೆ ಗಿರಾಕಿಗಳ ಮೇಲೆ ರೇಗಿದೆ. ತಪ್ಪು ಸಿಗದಿದ್ದರೆ ನನಗೆ ಊಟ ಸೇರುವುದಿಲ್ಲ, ಅದು ಮೊದಲಿಂದಲೂ ಇರುವ ರೋಗ.

ಪೆಟ್ಟಿಗೆ ಒಯ್ಯಲು ಬಂದಾಗ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಇನ್ನೊಂದ್ ಸಲ ಆದ್ರೆ ಆಯ್ತು ಸಾರ್, ಅಷ್ಟೇ,” ಎಂದರು.

“ನಾನೇ ಬರ್ತೀನಿ ಮೇಡಂ. ನಿಮ್ಮನೇಲೇ ಕೂತು ನೋಡ್ತೀನಿ.”

ಅವರದು ನನ್ನ ಅಂಗಡಿಯಿಂದ ನಾಲ್ಕು ಕ್ರಾಸ್ ಆಚೆ, ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಓನರ್. ಹಾಲ್‌ನಲ್ಲಿ ಕಿಟಕಿ ಪಕ್ಕ ಮೇಜು, ಅದರ ಎದುರಿನ ಕೋಣೆಯಲ್ಲಿ ಅತ್ತೆಯ ಮಂಚ. ಅವತ್ತು ಅವರು ಅರ್ಧ ದಿನ ರಜೆ ಹಾಕಿ, ಕಂಪನಿಯ ಸಾಫ್ಟ್‌ವೇರ್ ತೆರೆಯದೆ ಸುಮ್ಮನೆ ಕಂಪ್ಯೂಟರ್ ಹಾಕಿಟ್ಟಿದ್ದರು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಯತೊಡಗಿದೆ. ಕಾಫಿ ಕೊಟ್ಟರು. ಒಳಗಿಂದ ಮುದುಕಿ “ಯಾರೇ ಅದು? ಇನ್ನೂ ಹೋಗಿಲ್ವಾ?” ಎಂದು ಎರಡು ಸಲ ಕೇಳಿದರು.

ಬಹಳ ಹೊತ್ತು ಏನೂ ಆಗಲಿಲ್ಲ. ನನಗೆ ಕಣ್ಣು ಎಳೆಯುತ್ತಿತ್ತು. ತಲೆಯ ಮೇಲೆ ಫ್ಯಾನ್ ಒಂದು ಕ್ಷಣ ಉಸಿರು ಹಿಡಿದ ಹಾಗಾಗಿ ಮತ್ತೆ ತಿರುಗಿತು. ಅಷ್ಟರಲ್ಲಿ ಮಾನಿಟರ್ ಕಪ್ಪಾಗಿ, ಪೆಟ್ಟಿಗೆ ‘ಟಿಕ್’ ಎಂದು ಮೊದಲಿನಿಂದ ಶುರುವಾಯಿತು.

“ನೋಡಿದ್ರಾ ಸಾರ್, ಹಿಂಗೇ!”

“ಮೇಡಂ, ಯುಪಿಎಸ್ ಎಲ್ಲಿ?”

“ಕೆಳಗಡೆ, ಮೆಟ್ಟಿಲ ಕೆಳಗೆ. ಈ ಪ್ಲಗ್ ಯುಪಿಎಸ್ ಲೈನೇ ಸಾರ್. ಈ ಫ್ಯಾನೂ ಅದರಲ್ಲೇ.”

ನಗು ಬಂತು, ಅಳುವೂ ಬಂದಿದ್ದರೆ ಆಶ್ಚರ್ಯವಿರಲಿಲ್ಲ. ಬೆಂಗಳೂರಿನಲ್ಲಿ ಮನೆಗೆಲ್ಲ ಸೇರಿ ಹಾಕಿಸುವ ಇನ್ವರ್ಟರಿಗೂ ಯುಪಿಎಸ್ ಎಂದೇ ಹೆಸರು. ಮನೆ ಬಾಡಿಗೆಗಿದೆ ಎಂಬ ಬೋರ್ಡಿನಲ್ಲೂ ಹಾಗೆಯೇ ಬರೆಸುತ್ತಾರೆ. ನನ್ನ ಹೆಂಡತಿಗೆ ನಾನೇ “ಯುಪಿಎಸ್‌ಗೆ ನೀರು ಹಾಕಿದ್ಯಾ?” ಎಂದು ಕೇಳುವವನು. ಆದರೆ ಅಂಗಡಿಯ ಕುರ್ಚಿಯಲ್ಲಿ ಕೂತಾಗ ಯುಪಿಎಸ್ ಎಂದರೆ ನನ್ನ ಕಣ್ಣಿಗೆ ಕಾಣುವುದು ಕಂಪ್ಯೂಟರ್ ಪಕ್ಕದಲ್ಲಿಡುವ, ಇಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಡಬ್ಬಿ ಮಾತ್ರ. ಅವರು ಸುಳ್ಳು ಹೇಳಿರಲಿಲ್ಲ. ಎಷ್ಟು ಹೊತ್ತು ಬರುತ್ತದೆ ಎಂದು ಕೇಳಿದ್ದರೆ ಮೂರು ಗಂಟೆ ಎನ್ನುತ್ತಿದ್ದರು, ಹತ್ತು ಹದಿನೈದು ನಿಮಿಷ ಬರುವ ಡಬ್ಬಿ ಅದಲ್ಲವೆಂದು ನನಗೆ ಅಂದೇ ಗೊತ್ತಾಗುತ್ತಿತ್ತು. ನಾನು ಕೇಳಲಿಲ್ಲ.

ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಕಣ್ಣು ಮಿಟುಕಿಸುವಷ್ಟು ಹೊತ್ತು ಬೇಕು. ಫ್ಯಾನಿಗೆ, ಬಲ್ಬಿಗೆ ಅದು ಲೆಕ್ಕಕ್ಕಿಲ್ಲ. ಕಂಪ್ಯೂಟರಿಗೆ ಅಷ್ಟು ಸಾಕು ಆರಲು. ಹಗಲಿನಲ್ಲಿ ಲೈಟು ಹಾಕಿರುವುದಿಲ್ಲ, ಫ್ಯಾನು ತಿರುಗುತ್ತಲೇ ಇರುತ್ತದೆ, ಹಾಗಾಗಿ ಕರೆಂಟ್ ಹೋಗಿ ಬಂದದ್ದು ಮನೆಯವರಿಗೇ ತಿಳಿಯುವುದಿಲ್ಲ. ಇನ್ನು ನನ್ನ ಅಂಗಡಿಯಲ್ಲಿ ಯಾಕೆ ಆರಲಿಲ್ಲ? ಅಲ್ಲಿ ಟೆಸ್ಟಿಂಗ್ ಮೇಜಿನ ಕೆಳಗೆ ಆ ಕಪ್ಪು ಡಬ್ಬಿ ಕೂತಿತ್ತು.

ಕೆಳಗಿಳಿದು ಇನ್ವರ್ಟರ್ ನೋಡಿದೆ. ಇಂಥ ಕೆಲವು ಯಂತ್ರಗಳ ಹಿಂದೆ ಒಂದು ಸ್ವಿಚ್ ಇರುತ್ತದೆ. ಅದನ್ನು ಇನ್ನೊಂದು ಕಡೆಗೆ ಹಾಕಿದರೆ ಕಂಪ್ಯೂಟರ್ ಆರದಷ್ಟು ಬೇಗ ಬದಲಾಗುತ್ತದೆ. ಇದರಲ್ಲೂ ಇತ್ತು. ಕೈ ಹಾಕುವಷ್ಟರಲ್ಲಿ ಓನರ್ ಬಂದರು. ಆ ಕಡೆಯ ಹಳೇ ಒಕ್ಕಲುತನದ ಮನೆಯವರು, ಪಂಚೆ, ಮೇಲೆ ಬನಿಯನ್ನು, ಕೈಯಲ್ಲಿ ಪೇಪರು.

“ಆ ಸ್ವಿಚ್ ಮುಟ್ಬೇಡಿ ಸ್ವಾಮಿ.”

ವಿಷಯ ಹೇಳಿದೆ. ಸಮಾಧಾನವಾಗಿ ಕೇಳಿದರು.

“ಅದನ್ನ ಆ ಕಡೆ ಹಾಕಿದ್ರೆ ವೋಲ್ಟೇಜ್ ಒಂಚೂರು ಇಳಿದ್ರೂ ಬ್ಯಾಟರಿಗೆ ಹೋಗ್ಬಿಡುತ್ತೆ. ಬೇಸಿಗೇಲಿ ನಮ್ಮ ಬೀದಿ ವೋಲ್ಟೇಜ್ ಯಾವತ್ತು ಸರಿಯಾಗಿರುತ್ತೆ ಹೇಳಿ? ಹಿಂದಿನ ಬ್ಯಾಟರಿ ಹಂಗೇ ಹಾಳಾಗಿದ್ದು.” ಆಮೇಲೆ ಮೇಲಕ್ಕೆ ನೋಡಿ, “ಆಯಮ್ಮಂಗೆ ಕಷ್ಟ ಇದೆ, ಗೊತ್ತು. ಬೇಕಾದ್ರೆ ಒಂದಿನ ಹಾಕಿ ನೋಡಿ,” ಎಂದರು.

ಹಾಕಿದೆವು. ಅವರು ಹೇಳಿದ್ದೇ ಆಯಿತು. ಸಂಜೆಯಿಂದ ವೋಲ್ಟೇಜ್ ಇಳಿದು, ಇನ್ವರ್ಟರ್ ರಾತ್ರಿಯೆಲ್ಲ ಬ್ಯಾಟರಿಯನ್ನೇ ಹೀರಿ, ಬೆಳಗಿನ ಜಾವ ಬ್ಯಾಟರಿ ಖಾಲಿಯಾಗಿ ಎರಡೂ ಮನೆಯ ಫ್ಯಾನು ನಿಂತವು. ಮೇಲೆ ಮುದುಕಿ ಸೆಖೆಗೆ ಒದ್ದಾಡಿದರಂತೆ. ಓನರ್ ಸ್ವಿಚ್ಚನ್ನು ಮೊದಲಿನ ಹಾಗೆ ಮಾಡಿದರು. ಅವರ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಕಾರಣವೇ ಇರಲಿಲ್ಲ.

ಉಳಿದದ್ದು ಒಂದೇ ದಾರಿ, ಕಪ್ಪು ಡಬ್ಬಿ ಕೊಳ್ಳುವುದು. ಅವರ ಹತ್ತಿರ ದುಡ್ಡಿಲ್ಲ. ಧರ್ಮಕ್ಕೆ ಕೊಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ಎಸ್‌ಎಂಪಿಎಸ್‌ಗೆ ಕೈಯಿಂದ ಹಾಕಿದ್ದೇ ಮನೆಯಲ್ಲಿ ಹೇಳಿರಲಿಲ್ಲ. ಪೆಟ್ಟಿಗೆಯನ್ನು ಮತ್ತೆ ಅಂಗಡಿಗೆ ತಂದು, ಪಕ್ಕದ ತಗಡು ತೆಗೆದು ಒಳಗೆ ನೋಡುತ್ತಾ ನಿಂತೆ. ಇದರಲ್ಲಿ ಏನನ್ನು ಕಿತ್ತರೆ ಕೆಲಸ ನಿಲ್ಲುವುದಿಲ್ಲ? ಪ್ರೊಸೆಸರ್ ವಾಪಸು ತೆಗೆದುಕೊಳ್ಳುವವರಿಲ್ಲ. ಬೋರ್ಡು, ಎಸ್‌ಎಸ್‌ಡಿ ಒಮ್ಮೆ ಬಳಸಿದರೆ ಅರ್ಧ ಬೆಲೆ, ಕಿತ್ತಿಟ್ಟ ಎಸ್‌ಎಂಪಿಎಸ್ ಕೂಡ ಹಾಗೆಯೇ. ಬೆಲೆ ಕಳೆದುಕೊಳ್ಳದೆ ಇದ್ದದ್ದು ಒಂದೇ, ರ‍್ಯಾಮ್. ಯಾವ ಏರಿಕೆಯನ್ನು ಇಡೀ ಬೇಸಿಗೆ ಶಪಿಸಿದ್ದೆನೋ ಅದೇ ಈಗ ಕೈಹಿಡಿಯುವ ಹಾಗಿತ್ತು.

ಅವರಿಗೆ ಫೋನ್ ಮಾಡಿದೆ. ಒಂದು ಕಡ್ಡಿ ತೆಗೆದು ಮಾರಿ ಯುಪಿಎಸ್ ತರೋಣ, ನಿಮ್ಮ ಕಂಪನಿ ಕೇಳಿದ ಎಂಟು ಜಿಬಿ ಹೇಗೂ ಉಳಿಯುತ್ತದೆ ಎಂದೆ.

“ಸ್ಲೋ ಆಗಲ್ವಾ ಸಾರ್?”

“ಆಗುತ್ತೆ ಮೇಡಂ. ಸುಳ್ಳು ಹೇಳಲ್ಲ. ನಾಲ್ಕು ಬಿಲ್ ಒಟ್ಟಿಗೆ ತೆಗೆದ್ರೆ ಎಳೆಯುತ್ತೆ.”

ಅವರ ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು.

“ಸ್ಲೋ ಆದ್ರೆ ನಾನು ಕಾಯ್ತೀನಿ ಸಾರ್. ಆಫ್ ಆದ್ರೆ ಅವರು ಕಾಯಲ್ಲ. ತೆಗೆದ್ಬಿಡಿ.”

ಕಷ್ಟಪಟ್ಟು ಹಾಕಿದ್ದನ್ನು ಕೀಳುವುದು ನನಗೆ ಹಿಡಿಸದ ಕೆಲಸ. ಕಿತ್ತೆ. ಕಂಪ್ಯೂಟರ್ ಸಾಮಾನಿನ ಪೇಟೆಯಾದ ಎಸ್.ಪಿ. ರೋಡಿಗೆ ಹೋಗಿ, ಅದನ್ನು ಕೊಟ್ಟಿದ್ದ ಹೋಲ್‌ಸೇಲ್‌ನವನ ಮುಂದೆ ಇಟ್ಟೆ. ಎರಡು ವರ್ಷದ ಹಿಂದಾಗಿದ್ದರೆ, ಮಾರಿದ ಮಾಲು ವಾಪಸು ತಂದರೆ ಪರಿಚಯವೇ ಇಲ್ಲದವನ ಹಾಗೆ ಆಡುತ್ತಿದ್ದ ಆಸಾಮಿ. ಈಗ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ, “ಇನ್ನೂ ಇದ್ರೆ ತನ್ನಿ ಅಣ್ಣ, ಎಷ್ಟಿದ್ರೂ ತಗೋತೀನಿ” ಎಂದ. ಅವನು ಕೊಟ್ಟ ದುಡ್ಡಿನಲ್ಲೇ ಒಂದು ಯುಪಿಎಸ್ ಬಂತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಅದರ ಭಾರಕ್ಕೆ ಕಾಲು ಜೋಮು ಹಿಡಿಯಿತು.

ಮಾರನೆಯ ದಿನ ಅವರ ಊಟದ ಬಿಡುವಿನಲ್ಲಿ ಹೋಗಿ ಜೋಡಿಸಿದೆ. ಮೈನ್ ಆರಿಸಿ ಪರೀಕ್ಷೆ ಮಾಡಬೇಕಿತ್ತು. ಅಷ್ಟರಲ್ಲಿ ಬಿಡುವು ಮುಗಿದು ಅವರು ಕೆಲಸಕ್ಕೆ ಕೂತುಬಿಟ್ಟರು. ಎಲ್ಲ ಸರಿಯಿದೆ ಎಂದು ಗೊತ್ತಿದ್ದರೂ ಸ್ವಿಚ್ಚಿಗೆ ಕೈ ಹಾಕುವ ಧೈರ್ಯ ಬರಲಿಲ್ಲ. ಹಾಗೆಂದು ನೋಡದೆ ಹೋಗಲೂ ಮನಸ್ಸಾಗಲಿಲ್ಲ. ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅವರು ಬಿಲ್ಲಿನ ಮೇಲೆ ಬಿಲ್ಲು ನೋಡುತ್ತಿದ್ದರು. ಒಂದು ಬಿಲ್ಲಿನಿಂದ ಇನ್ನೊಂದಕ್ಕೆ ಹೋಗುವಾಗ ಸ್ಕ್ರೀನು ಹಿಡಿದುಕೊಳ್ಳುತ್ತಿತ್ತು. ಅವರು ಕೈ ಮೇಜಿನ ಮೇಲಿಟ್ಟು ಕಾಯುತ್ತಿದ್ದರು.

ಕರೆಂಟ್ ತಾನಾಗಿಯೇ ಹೋಯಿತು. ಫ್ಯಾನು ಒಮ್ಮೆ ತಡವರಿಸಿತು. ಮೇಜಿನ ಕೆಳಗೆ ಡಬ್ಬಿ ‘ಪೀಂ’ ಎಂದು ಒಮ್ಮೆ ಕೂಗಿ ಸುಮ್ಮನಾಯಿತು. ಸ್ಕ್ರೀನು ಅಲ್ಲಾಡಲಿಲ್ಲ. ಅವರು ನನ್ನ ಕಡೆ ತಿರುಗಿ ನೋಡಿದರು. ಅಷ್ಟು ದಿನಗಳಲ್ಲಿ ಆ ಮುಖದಲ್ಲಿ ನಗು ನೋಡಿದ್ದು ಅದೇ ಮೊದಲು. ನನಗೂ ಎದೆಯ ಮೇಲಿದ್ದ ಕಲ್ಲು ಇಳಿಯಿತು.

ಅದೇ ಹೊತ್ತಿಗೆ ಕೋಣೆಯಿಂದ ಮುದುಕಿ ಕೂಗಿದರು. ಸೊಸೆಗೆ ಹೆಡ್‌ಫೋನಿನಲ್ಲಿ ಯಾರೋ ಮಾತಾಡುತ್ತಿದ್ದರು. ಬಂದೆ ಎನ್ನುವ ಹಾಗೆ ಕೋಣೆಯ ಕಡೆ ಕೈ ಎತ್ತಿದರು, ಏಳಲಿಲ್ಲ. ಮುದುಕಿ ಮತ್ತೆ ಕೂಗಿದರು. ನಾನೇ ಎದ್ದು ಒಳಗೆ ಹೋದೆ.

“ಏನಮ್ಮ, ಏನು ಬೇಕಿತ್ತು?”

“ನೀರು ಕಣಪ್ಪಾ. ಅವಳೆಲ್ಲಿ?”

“ಕೆಲಸದಲ್ಲಿದ್ದಾರೆ.”

ಸ್ಟೂಲಿನ ಮೇಲಿದ್ದ ಚೊಂಬಿನಿಂದ ಲೋಟಕ್ಕೆ ಬಗ್ಗಿಸಿ, ತಲೆ ಸ್ವಲ್ಪ ಎತ್ತಿ ಹಿಡಿದು ಕುಡಿಸಿದೆ. ಹಕ್ಕಿಯಷ್ಟು ಹಗುರವಾಗಿದ್ದರು. ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದರು.

“ಆ ಮೆಷಿನ್ ರಿಪೇರಿ ಆಯ್ತಾ?”

“ಆಯ್ತಮ್ಮ. ಇನ್ನು ಅದು ಆಫ್ ಆಗಲ್ಲ.”

ಅವರು ಬಾಗಿಲಿನ ಕಡೆಯೇ ನೋಡುತ್ತಾ ಮಲಗಿದ್ದರು.

“ಆಫ್ ಆದಾಗೆಲ್ಲ ಬಂದು ಇಲ್ಲಿ ಕೂತ್ಕೋತಿದ್ಲು ಕಣಪ್ಪಾ,” ಎಂದರು. “ಅದು ಮತ್ತೆ ಶುರು ಆಗೋವರ್ಗೂ ಕಾಲು ಒತ್ತೋಳು.”

ಲೋಟ ಕೆಳಗಿಟ್ಟು ಹೊರಗೆ ಬಂದೆ. ಸೊಸೆ ಹೆಡ್‌ಫೋನಿನ ಒಂದು ಕಡೆ ಸರಿಸಿ, ಕಣ್ಣು ಸ್ಕ್ರೀನಿನಿಂದ ತೆಗೆಯದೆ, ಪಿಸುದನಿಯಲ್ಲಿ ಕೇಳಿದರು.

“ಏನಂತೆ ಸಾರ್ ಅತ್ತೆಗೆ?”

“ನೀರು ಕೇಳಿದ್ರು, ಕೊಟ್ಟೆ,” ಎಂದೆ. “ನೀವು ಕೆಲಸ ಮಾಡಿ ಮೇಡಂ.”